ಸೇಡಂ ರಸ್ತೆಯಲ್ಲಿ ಒಂದು ನಾಮಕರಣ

ಕಲಬುರಗಿಯಿಂದ ಮೂಡಲ ದಿಕ್ಕಿಗೆ ಹೊರಟ ಸೇಡಂ ರಸ್ತೆ ಪ್ರವಾಸಿಗಳ ಮನಸ್ಸನ್ನು ಥಟ್ಟನೆ ಸೆಳೆಯುವಂಥದಲ್ಲ. ಮಲೆನಾಡಿನ ತಿರುವುಗಳಾಗಲಿ, ಕರಾವಳಿಯ ತೆಂಗಿನ ಸಾಲುಗಳಾಗಲಿ ಇಲ್ಲಿಲ್ಲ. ಇರುವುದು ಕಣ್ಣು ಹಾಯುವಷ್ಟು ದೂರಕ್ಕೂ ಕರಿಮಣ್ಣಿನ ಬಯಲು, ತೊಗರಿಯ ಹೊಲಗಳು, ಮೇಲೆ ಬೆಂಕಿಯಂಥ ಬಿಸಿಲು. ಆದರೆ ಅಕ್ಷರಗಳ ಹುಚ್ಚು ಹಿಡಿದವನಿಗೆ ಈ ರಸ್ತೆ ಒಂದು ತೆರೆದ ಗ್ರಂಥ. ಅಂಗಡಿಯ ಫಲಕಗಳಲ್ಲಿ ಕನ್ನಡ, ಉರ್ದು, ಇಂಗ್ಲಿಷು ಮೂರೂ ಒಂದರ ಮೈಗೆ ಒಂದು ಅಂಟಿಕೊಂಡು ನಿಂತಿರುತ್ತವೆ. ಒಂದೇ ಹೆಸರು, ಮೂರು ಉಡುಪು. ಉಡುಪು ಬದಲಾದಾಗ ಹೆಸರಿನ ಮೈಕಟ್ಟೂ ಕೊಂಚ ಬದಲಾಗುವುದನ್ನು ಇಲ್ಲಿ ನಿಂತು ನೋಡಬಹುದು.

ಅಷ್ಟೇಕೆ, ಊರಿನ ಹೆಸರನ್ನೇ ನೋಡಿ. ‘ಕಲಬುರಗಿ’ ಎಂದರೆ ಕಲ್ಲಿನ ನೆಲ ಎಂದು ಇಲ್ಲಿಯ ಜನ ಅರ್ಥ ಹೇಳುತ್ತಾರೆ. ಬೇಸಿಗೆಯಲ್ಲಿ ಬರಿಗಾಲಿನಲ್ಲಿ ನಡೆದವರಿಗೆ ಬೇರೆ ವ್ಯುತ್ಪತ್ತಿ ಬೇಕಾಗುವುದಿಲ್ಲ. ಇದೇ ಹೆಸರನ್ನು ಫಾರಸಿ ಲಿಪಿಯಲ್ಲಿ ಬರೆಯಬೇಕಾಗಿ ಬಂದಾಗ ಅದು ‘ಗುಲ್‌ಬರ್ಗಾ’ ಆಯಿತು. ‘ಗುಲ್’ ಎಂದರೆ ಹೂವು, ‘ಬರ್ಗ್’ ಎಂದರೆ ಎಲೆ. ಸದ್ದು ಹೆಚ್ಚುಕಡಿಮೆ ಅದೇ. ಅರ್ಥ ಮಾತ್ರ ಕಲ್ಲಿನಿಂದ ಪುಷ್ಪಕ್ಕೆ ಹಾರಿತು! 1347ರಲ್ಲಿ ಗದ್ದುಗೆಯೇರಿದ ಬಹಮನಿ ಅರಸು ಅಲಾವುದ್ದೀನ ಹಸನನು ಊರಿಗೆ ಅಹಸನಾಬಾದ್ ಎಂಬ ಹೊಸ ಹೆಸರನ್ನೇ ಇಟ್ಟ. ಅದು ನಾಣ್ಯಗಳ ಮೇಲೆ ಉಳಿಯಿತು, ಬಾಯಲ್ಲಿ ಉಳಿಯಲಿಲ್ಲ. ಹೊಸ ಹೆಸರು ಹೋಗಿ, ಹಳೆಯ ಹೆಸರಿನ ಹೂವಿನ ರೂಪ ಗೆದ್ದಿತು. 2014ರ ನವೆಂಬರ್ 1ರಂದು ಸರಕಾರಿ ಕಾಗದಗಳಲ್ಲಿ ಮತ್ತೆ ‘ಕಲಬುರಗಿ’ ಬಂತು. ವಿಶ್ವವಿದ್ಯಾಲಯ ಮಾತ್ರ ‘ಗುಲಬರ್ಗಾ’ ಎಂಬ ಹೆಸರಿನಲ್ಲಿಯೇ ಮುಂದುವರಿದಿದೆ. ಕನ್ನಡದ ಮೇಷ್ಟ್ರಾದ ನನಗೆ ಕಲಬುರಗಿ ಮರಳಿ ಬಂದದ್ದು ಸಂತೋಷವೇ. ಆದರೂ ಒಂದು ಒರಟು ಸದ್ದನ್ನು ಕೇಳಿ ಅದರೊಳಗೆ ಹೂವನ್ನೂ ಎಲೆಯನ್ನೂ ಕಂಡ ಕಿವಿಯ ಬಗ್ಗೆ ನನಗೆ ಗೌರವವಿದೆ.

ಇಷ್ಟು ಪೀಠಿಕೆ ಏಕೆಂದರೆ, ಕಳೆದ ಚಳಿಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥದೇ ಒಂದು ಸಮಸ್ಯೆಯನ್ನು ಹೊತ್ತು ಮನೆಗೆ ಬಂದ. ಸೇಡಂ ರಸ್ತೆಯಲ್ಲಿ ಅವರ ಮನೆಯವರದೊಂದು ದಾಲ್ ಮಿಲ್ಲು. ಬಣ್ಣ ನೋಡಿ ಕಾಳು ಆರಿಸುವ ಯಂತ್ರವನ್ನು ಕೊಳ್ಳಲು ಅವನು ಚೀನಾದ ಹೆಫೆಯ್ ನಗರಕ್ಕೆ ಹೊರಟಿದ್ದ. ಅಲ್ಲಿ ಯಾರನ್ನು ಕಂಡರೂ ಎರಡು ಕೈಯಿಂದ ಹೆಸರಿನ ಚೀಟಿ ಕೊಡಬೇಕಂತೆ. ಚೀಟಿಯ ಹಿಂಬದಿಯಲ್ಲಿ ಹೆಸರು ಚೀನೀ ಅಕ್ಷರಗಳಲ್ಲಿರಬೇಕಂತೆ. ಹುಡುಗನ ಹೆಸರು ಶರಣಬಸಪ್ಪ. ಊರ ದೇವರ ಹೆಸರು. ಕಲಬುರಗಿಯಲ್ಲಿ ಓಣಿಗೆ ಹತ್ತು ಜನ ಶರಣಬಸಪ್ಪರು ಸಿಕ್ಕುತ್ತಾರೆ. ಯಾವುದೋ ಯಂತ್ರದ ನೆರವಿನಿಂದ ಅವನು ಆ ಹೆಸರಿಗೆ ಆರು ಚೀನೀ ಅಕ್ಷರಗಳನ್ನು ತರಿಸಿಕೊಂಡಿದ್ದ. ದೆಹಲಿಯಲ್ಲಿ ಚೀನೀ ಭಾಷೆ ಕಲಿತ ನನ್ನ ಗೆಳೆಯರೊಬ್ಬರಿಗೆ ಅದನ್ನು ಕಳಿಸಿದೆ. ಅವರು ದೂರವಾಣಿಯಲ್ಲಿ ಬಹಳ ಹೊತ್ತು ನಕ್ಕು ಹೇಳಿದರು: “ಮೊದಲಿನ ಎರಡು ಅಕ್ಷರ ‘ಷಾ-ಲಾ’. ಸದ್ದು ಸರಿ. ಆದರೆ ಆ ಎರಡು ಅಕ್ಷರ ಜೊತೆಯಾದರೆ ಚೀನೀಯರಿಗೆ ಕಾಣುವುದು ಹೋಟೆಲಿನ ಸಾಲಡ್.”

“ಅಂದ್ರ ಪಚಡಿ ಏನ್ರೀ ಸರ್?” ಎಂದ ಹುಡುಗ. ಅವನ ಮುಖ ಬಾಡಿತು. “ನಮ್ಮ ಅಜ್ಜ ಶರಣಬಸವೇಶ್ವರ ಗುಡಿಯಾಗ ಹರಕಿ ಹೊತ್ತು ಇಟ್ಟ ಹೆಸರು ರೀ. ಅದು ಪಚಡಿ ಆದ್ರ ಹೆಂಗ್ರಿ?”

ನಗುವ ಮಾತಾದರೂ ಹುಡುಗನ ಸಂಕಟ ಸುಳ್ಳಲ್ಲ. ನಮ್ಮ ಲಿಪಿಯಲ್ಲಿ ಅಕ್ಷರಕ್ಕೆ ಸದ್ದಿದೆ, ಅರ್ಥವಿಲ್ಲ; ‘ಕ’ ಎಂಬುದು ಬರಿಯ ‘ಕ’. ಚೀನೀ ಲಿಪಿಯಲ್ಲಿ ಹಾಗಲ್ಲ. ಅಲ್ಲಿ ಒಂದೊಂದು ಅಕ್ಷರವೂ ಹೆಚ್ಚುಕಡಿಮೆ ಒಂದು ಪದ. ಒಂದೇ ಸದ್ದಿಗೆ ಹತ್ತಾರು ಅಕ್ಷರಗಳುಂಟು. ಒಂದಕ್ಕೆ ಬೆಟ್ಟವೆಂದರ್ಥ, ಇನ್ನೊಂದಕ್ಕೆ ಒಳಿತು, ಮತ್ತೊಂದಕ್ಕೆ ಕತ್ತರಿಸುವುದು. ಪರದೇಶದ ಹೆಸರನ್ನು ಬರೆಯುವವನು ಸದ್ದನ್ನು ಹಿಡಿದರೆ ಸಾಲದು. ಆ ಸದ್ದಿಗೆ ಯಾವ ಅರ್ಥದ ಬಟ್ಟೆ ತೊಡಿಸಬೇಕೆಂದು ಆರಿಸಲೇಬೇಕು. ಆರಿಸಿದ ಮೇಲೆ ಅವನ ಮನಸ್ಸು ಬಯಲಾಗದೆ ಇರುವುದಿಲ್ಲ. ಸೇಡಂ ರಸ್ತೆಯ ಗೋಡೆಗಳ ಮೇಲೂ ಬಣ್ಣದಲ್ಲಿ ಮೆರೆಯುವ ಕೋಕಾ ಕೋಲಾ ಚೀನಾದಲ್ಲಿ ‘ಕೆ-ಕೋ-ಕೆ-ಲ’; ಅಂದರೆ ಬಾಯಿಗೆ ರುಚಿ, ಮನಸ್ಸಿಗೆ ನಲಿವು. ವ್ಯಾಪಾರಿಗಳು ಕಾಸು ಕೊಟ್ಟು ಕೊಳ್ಳಬಹುದಾದ ಆಶೀರ್ವಾದವದು. ದೇಶಗಳ ಸಂಗತಿ ಇನ್ನೂ ಸ್ವಾರಸ್ಯ. ಅಮೆರಿಕ ‘ಸುಂದರ ದೇಶ’, ಇಂಗ್ಲೆಂಡು ‘ವೀರರ ದೇಶ’, ಜರ್ಮನಿ ‘ಸದ್ಗುಣದ ದೇಶ’, ಫ್ರಾನ್ಸು ‘ಧರ್ಮಶಾಸ್ತ್ರದ ದೇಶ’. ಆಫ್ರಿಕಾಕ್ಕೆ ದಕ್ಕಿದ ‘ಫೆಯ್’ ಅಕ್ಷರಕ್ಕೆ ‘ಅಲ್ಲ’, ‘ತಪ್ಪು’ ಎಂದರ್ಥ. ಸದ್ದಿಗಾಗಿ ಹಾಕಿದ್ದು ಎನ್ನಬಹುದು. ಆದರೆ ‘ಫೆಯ್’ ಎಂಬ ಸದ್ದಿಗೆ ಬೇರೆ ಅಕ್ಷರ ಇರಲಿಲ್ಲವೆ?

ಮರುದಿನ ಭಾನುವಾರ. “ಮಳಖೇಡಕ್ಕ ಹೋಗಿ ಬರೋಣ ಬರ್ರಿ ಸರ್, ದಾರಿಯಾಗ ವಿಚಾರ ಮಾಡೋಣು” ಎಂದು ಹುಡುಗ ಮೋಟಾರು ಸೈಕಲ್ಲು ತಂದ. ಸುಮಾರು 40 ಕಿಲೋಮೀಟರಿನ ಹಾದಿ. ಇ.ಎಸ್.ಐ. ವೈದ್ಯಕೀಯ ಕಾಲೇಜಿನ ಮಹಾಸೌಧವನ್ನು ದಾಟಿ, ವಿಶ್ವವಿದ್ಯಾಲಯದ ಸಮೀಪದ ಬುದ್ಧವಿಹಾರದಲ್ಲಿ ಕೊಂಚ ನಿಂತೆವು. ಬಿಳಿಯ ಗುಮ್ಮಟದ ಕೆಳಗೆ ಒಳಗೆಲ್ಲ ತಂಪು. ನಮ್ಮ ಪ್ರಶ್ನೆಯನ್ನು ಎತ್ತಿಕೊಳ್ಳಲು ಇದಕ್ಕಿಂತ ತಕ್ಕ ಸ್ಥಳವಿಲ್ಲ. ಏಕೆಂದರೆ ಪರದೇಶದ ಹೆಸರುಗಳಿಗೆ ಅಕ್ಷರ ಹುಡುಕುವ ಕಷ್ಟ ಚೀನೀಯರಿಗೆ ಬೃಹತ್ತಾಗಿ ಒದಗಿದ್ದೇ ಬುದ್ಧನ ಮಾತು ಅಲ್ಲಿಗೆ ಹೋದಾಗ. ‘ಬುದ್ಧ’ ಎಂಬುದಕ್ಕೆ ಅವರು ಆರಿಸಿದ ಅಕ್ಷರದಲ್ಲಿ ಎಡಗಡೆ ‘ಮನುಷ್ಯ’, ಬಲಗಡೆ ‘ಅಲ್ಲ’ ಎಂಬ ಗುರುತು. ಬಲಗಡೆಯದು ಸದ್ದನ್ನು ಸೂಚಿಸಲು ಬಂದದ್ದು. ಆದರೂ ಮನುಷ್ಯನಾಗಿಯೂ ಮನುಷ್ಯನಲ್ಲದವನು ಎಂದು ವ್ಯಾಖ್ಯಾನ ಮಾಡುವ ಭಕ್ತರನ್ನು ತಡೆಯುವವರು ಯಾರು? ಬುದ್ಧನನ್ನು ಕಾಡಿದ ಮಾರನಿಗೆ ಮೊದಲು ‘ಬೀಸುವ ಕಲ್ಲು’ ಎಂಬ ಅಕ್ಷರವನ್ನು ಬಳಸುತ್ತಿದ್ದರಂತೆ. ಆಮೇಲೆ ಅದರ ಕೆಳಗಿನ ‘ಕಲ್ಲ’ನ್ನು ತೆಗೆದು ‘ಪಿಶಾಚಿ’ಯನ್ನು ಕೂರಿಸಿದರು. ಒಂದು ಹೆಸರಿಗಾಗಿ ಹೊಸ ಅಕ್ಷರವೇ ಹುಟ್ಟಿತು.

ನಮ್ಮ ದೇಶದ ಹೆಸರಿಗೂ ಇಂಥ ಪಾಡು ಬಂದಿತ್ತು. ಕ್ರಿ.ಪೂ. 2ನೆಯ ಶತಮಾನದಲ್ಲಿ ಸಿಂಧೂ ದೇಶದ ಸುದ್ದಿ ಚೀನಾದ ಅರಮನೆಗೆ ಮುಟ್ಟಿದಾಗ ಬರಹಗಾರರು ಬರೆದ ‘ಷೆನ್-ದು’ ಎಂಬ ಎರಡು ಅಕ್ಷರಗಳಿಗೆ ‘ದೇಹ’, ‘ವಿಷ’ ಎಂದರ್ಥ! ಕೇಡು ಬಗೆದು ಬರೆದರೆಂದು ನಾನು ಹೇಳುವುದಿಲ್ಲ. ಸದ್ದು ಹೊಂದಿತು, ಬರೆದರು. ಎಂಟು ನೂರು ವರ್ಷಗಳ ತರುವಾಯ ಇಲ್ಲಿಗೆ ನಡೆದು ಬಂದ ಭಿಕ್ಷುವೊಬ್ಬ ಈ ಹಳೆಯ ರೂಪಗಳನ್ನೆಲ್ಲ ತಳ್ಳಿ, ಸರಿಯಾದದ್ದು ‘ಇನ್-ದು’ ಎಂದು ನಿರ್ಣಯಿಸಿದ. ಕಾರಣವನ್ನೂ ಕೊಟ್ಟ: ಆ ನಾಡಿನ ಮಾತಿನಲ್ಲಿ ಇಂದು ಎಂದರೆ ಚಂದ್ರ, ನಕ್ಷತ್ರಗಳ ನಡುವೆ ಚಂದ್ರನಂತೆ ಆ ನಾಡಿನ ಜ್ಞಾನಿಗಳು ಬೆಳಗುತ್ತಾರೆ. ವ್ಯುತ್ಪತ್ತಿ ತಪ್ಪೇ ಇರಬಹುದು, ಹೃದಯ ಸರಿಯಾಗಿತ್ತು. ಚೀನೀಯರು ಇಂದಿಗೂ ನಮ್ಮನ್ನು ಕರೆಯುವುದು ಅವನಿಟ್ಟ ಹೆಸರಿನಿಂದಲೇ.

ಆ ಭಿಕ್ಷು ಯಾರೆಂದು ಓದುಗರು ಊಹಿಸಿರಬಹುದು. ಅವನ ಹೆಸರನ್ನು ನಮ್ಮ ಪಠ್ಯಪುಸ್ತಕಗಳು ಹ್ಯೂಯೆನ್‌ತ್ಸಾಂಗ್, ಯುವಾನ್ ಚ್ವಾಂಗ್, ಷುವಾನ್ ಜಾಂಗ್ ಎಂದು ಬಗೆಬಗೆಯಾಗಿ ಬರೆಯುತ್ತ ಬಂದಿವೆ. ಚೀನೀಯರನ್ನು ನಗುವ ಮೊದಲು ನಾವು ಇದನ್ನೂ ನೆನೆಯಬೇಕು. ಅವನು ದಕ್ಷಿಣಾಪಥಕ್ಕೆ ಬಂದಾಗ ಇಲ್ಲಿ ಬಾದಾಮಿಯ ಚಾಲುಕ್ಯ ಇಮ್ಮಡಿ ಪುಲಕೇಶಿಯ ಆಳ್ವಿಕೆ. 645ರಲ್ಲಿ ತಾಯ್ನಾಡಿಗೆ ಮರಳಿ, ಮರುವರ್ಷ ಮುಗಿಸಿದ ಪ್ರವಾಸ ಗ್ರಂಥದಲ್ಲಿ ಅವನು ಈ ಕ್ಷತ್ರಿಯ ಅರಸನನ್ನು ಹೆಸರಿಸಿದ್ದಾನೆ. ಹರ್ಷನಿಗೂ ತಲೆಬಾಗದ ನಾಡೆಂದು ಮೆಚ್ಚಿದ್ದಾನೆ. ಒಬ್ಬ ಕನ್ನಡ ದೊರೆಯ ಹೆಸರು ಚೀನೀ ಅಕ್ಷರಗಳನ್ನು ತೊಟ್ಟದ್ದು ಹೀಗೆ. ಈಗಿನ ಚೀನೀ ಉಚ್ಚಾರಣೆಯಲ್ಲಿ ಆ ನಾಲ್ಕು ಅಕ್ಷರಗಳನ್ನು ಓದಿದರೆ ‘ಬು-ಲುಓ-ಜಿ-ಷ’ ಎಂದು ಕೇಳಿ ನಮಗೆ ಗುರುತೇ ಹತ್ತುವುದಿಲ್ಲ. ಆದರೆ ಅಂದಿನ ಉಚ್ಚಾರಣೆಯನ್ನು ಶೋಧಿಸಿದ ಪಂಡಿತರ ಪ್ರಕಾರ ಅವು ‘ಪು-ಲ-ಕೇಯ್-ಶ’ ಎಂಬುದಕ್ಕೆ ಬಹಳ ಹತ್ತಿರ. ಎಷ್ಟು ಎಚ್ಚರದ ಕಿವಿ! ಬಿಡಿಸಿ ಅರ್ಥ ನೋಡಿದರೆ ‘ತೇಪೆ ಹಾಕು, ಬಲೆ, ಪರೀಕ್ಷಿಸು, ಮನೆ’. ತಲೆಬುಡವಿಲ್ಲ. ಬಲೆ ಎಂಬರ್ಥದ ಆ ‘ಲುಓ’ ಅಕ್ಷರ ಅರ್ಹಂತನ ಹೆಸರಿನಲ್ಲಿಯೂ ಇದೆ, ರೋಮ್ ನಗರದ ಹೆಸರಿನಲ್ಲಿಯೂ ಇದೆ. ಬಳಸಿ ಬಳಸಿ ಅರ್ಥ ಸವೆದು ಸದ್ದು ಮಾತ್ರ ಉಳಿದ ಅಕ್ಷರಗಳವು; ಅವನ್ನು ಕಂಡ ಕೂಡಲೆ ಓದುವವನು ‘ಇದು ಪರದೇಶದ ಹೆಸರು’ ಎಂದು ತಿಳಿದು ಅರ್ಥದ ಗೊಡವೆಗೆ ಹೋಗುವುದಿಲ್ಲ.

ಯಾವುದನ್ನು ಅನುವಾದಿಸಬೇಕು, ಯಾವುದನ್ನು ಸದ್ದಿನಲ್ಲಿಯೇ ಉಳಿಸಬೇಕು ಎಂಬುದಕ್ಕೆ ಈ ಭಿಕ್ಷುವಿನ ಹೆಸರಿನಲ್ಲಿ ಐದು ನಿಯಮಗಳು ಪ್ರಸಿದ್ಧವಾಗಿವೆ. ಮಂತ್ರಗಳನ್ನು ಅನುವಾದಿಸಬಾರದು. ಹಲವು ಅರ್ಥವುಳ್ಳ ‘ಭಗವತ್’ ಮೊದಲಾದುವನ್ನು ಒಂದೇ ಅರ್ಥಕ್ಕೆ ಕಟ್ಟಿಹಾಕಬಾರದು. ನೇರಳೆ ಮರ ಚೀನಾದಲ್ಲಿಲ್ಲವಾದ್ದರಿಂದ ‘ಜಂಬು’ ಎಂದೇ ಬರೆಯಬೇಕು. ಹಿಂದಿನವರು ರೂಢಿಗೆ ತಂದುದನ್ನು ಕದಲಿಸಬಾರದು. ಕೊನೆಯದು ನನಗೆ ಬಹಳ ಹಿಡಿಸಿದ್ದು: ಗೌರವ ಹುಟ್ಟಿಸಬೇಕಾದ ಮಾತನ್ನು ಸದ್ದಿನಲ್ಲಿಯೇ ಬಿಡಬೇಕು. ‘ಪ್ರಜ್ಞಾ’ ಎಂಬುದನ್ನು ‘ತಿಳಿವಳಿಕೆ’ ಎಂದುಬಿಟ್ಟರೆ ಅದು ಹಗುರಾಗುತ್ತದೆ.

ಈ ನಿಯಮ ನಮ್ಮ ಹುಡುಗನ ಪ್ರಸಂಗಕ್ಕೆ ನೇರವಾಗಿ ತಾಕುತ್ತದೆ. ‘ಶರಣ’ ಎಂಬ ಮಾತಿಗೆ ಚೀನೀಯರಲ್ಲಿ ಹಿಂದಿನಿಂದಲೂ ಒಂದು ಸೊಗಸಾದ ಅನುವಾದವಿದೆ: ‘ಗುಯ್-ಈ’. ಮರಳಿ ಬಂದು ಒರಗುವುದು ಎಂದರ್ಥ. ಬುದ್ಧಂ ಶರಣಂ ಎಂಬಲ್ಲಿ ಅವರು ಹೇಳುವುದು ಅದನ್ನೇ. “ಇದಕ್ಕಿಂತ ಒಳ್ಳೆಯ ಹೆಸರು ಬೇಕೇನೋ? ನಿನ್ನ ಹೆಸರಿನ ಅರ್ಥವೇ ಅಲ್ಲಿ ಸಿದ್ಧವಾಗಿ ಕೂತಿದೆ” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಅರ್ಥ ಚೊಲೊ ಅದರೀ ಸರ್. ಆದ್ರ ಆ ಹೆಸರು ಹಿಡದು ಕೂಗಿದ್ರ ನಾ ತಿರುಗಿ ನೋಡಂಗಿಲ್ಲ. ನಮ್ಮ ಅವ್ವ ಕೇಳಿದ್ರೂ ‘ಇದು ನನ್ನ ಮಗಂದು’ ಅಂತ ಗೊತ್ತಾಗಬೇಕು ನೋಡ್ರಿ” ಎಂದ. ಎಂ.ಎ. ಓದಿದ ನನಗೆ ಹೊಳೆಯದ ಐದನೆಯ ನಿಯಮದ ಮರ್ಮ ಬೇಳೆ ವ್ಯಾಪಾರದ ಹುಡುಗನಿಗೆ ತಾನಾಗಿ ತಿಳಿದಿತ್ತು.

ಶ್ರೀನಿವಾಸ ಸರಡಗಿಯ ಬಳಿ, 2019ರ ನವೆಂಬರಿನಲ್ಲಿ ಉದ್ಘಾಟನೆಯಾದ ವಿಮಾನ ನಿಲ್ದಾಣದ ಬದಿಯಲ್ಲಿ ಚಹ ಕುಡಿಯುತ್ತ ಅವನು ಕೇಳಿದ: “ನಮ್ಮ ಕಡಿಯವರು ಯಾರರೆ ಮೊದಲು ಹಿಂಗ ಹೆಸರು ಬರಸ್ಕೊಂಡಾರೇನ್ರಿ?” ಬರೆಸಿಕೊಂಡಿದ್ದಾರೆ, ಮತ್ತು ಬಹಳ ದೂರದವರಲ್ಲ. ಕಲಬುರಗಿಯಲ್ಲಿ ರೈಲು ಹತ್ತಿದರೆ ಎರಡು ಗಂಟೆಯ ಆಸುಪಾಸಿನಲ್ಲಿ ಸಿಕ್ಕುವ, ಸಿದ್ಧರಾಮನ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್. ಜಪಾನಿನ ದಾಳಿಗೆ ತುತ್ತಾದ ಚೀನಾಕ್ಕೆ ಭಾರತದ ಕಾಂಗ್ರೆಸ್ಸು 1938ರಲ್ಲಿ ಕಳಿಸಿದ ಐವರು ವೈದ್ಯರಲ್ಲಿ ಅವರೊಬ್ಬರು. ಅಲ್ಲಿ ಐವರಿಗೂ ಚೀನೀ ಹೆಸರುಗಳಾದವು; ಐದೂ ಹೆಸರುಗಳ ಕೊನೆಯಲ್ಲಿ ‘ಹುಆ’ ಎಂಬ ಒಂದೇ ಅಕ್ಷರ. ಅದಕ್ಕೆ ಚೀನಾ ಎಂದೂ ಅರ್ಥ, ಹೂವಿನ ಚೆಲುವು ಎಂದೂ ಅರ್ಥ. ಕೋಟ್ನಿಸರು ‘ಕ-ದೀ-ಹುಆ’ ಆದರು. ‘ಕ’ ಎಂಬುದು ಚೀನೀಯರಲ್ಲಿಯೇ ಇರುವ ಮನೆತನದ ಹೆಸರು. ಮರದ ಕೊಂಬೆ ಎಂದರ್ಥ. ‘ದೀ’ ಒಂದು ಹೂಬಿಡುವ ಮರ. ‘ದೀ-ಹುಆ’ ಎಂದು ಕೂಡಿಸಿದರೆ ಆ ಮರದ ಹೂವು. ಅವರ ಅತಿ ಪ್ರಾಚೀನ ಕಾವ್ಯಸಂಕಲನದ ಕಾಲದಿಂದಲೂ ಆ ಹೂಗೊಂಚಲು ಒಡಹುಟ್ಟಿದವರ ಪ್ರೀತಿಗೆ ಸಂಕೇತ. ಹೆಸರಿನ ಬಾಲದ ‘ನಿಸ್’ ಉದುರಿಹೋಯಿತು, ನಿಜ. ಅದರ ಜಾಗದಲ್ಲಿ ಒಬ್ಬ ಸಹೋದರ ಬಂದು ನಿಂತ.

ಕೋಟ್ನಿಸರು ಮರಳಿ ಬರಲಿಲ್ಲ. ರಣರಂಗದ ಹಿಂದಿನ ಹಳ್ಳಿಗಳಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತ, ಗುಓ ಚಿಂಗ್‌ಲಾನ್ ಎಂಬ ದಾದಿಯರ ಶಿಕ್ಷಕಿಯನ್ನು ಮದುವೆಯಾಗಿ, 1942ರ ಡಿಸೆಂಬರ್ 9ರಂದು ತಮ್ಮ 32ನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ವರ್ಷ ಹುಟ್ಟಿದ ಮಗನ ಹೆಸರು ‘ಇನ್-ಹುಆ’. ಹ್ಯೂಯೆನ್‌ತ್ಸಾಂಗನು ನಮ್ಮ ದೇಶಕ್ಕೆ ಆರಿಸಿದ ಹೆಸರಿನ ಮೊದಲ ಅಕ್ಷರ, ಅದರ ಪಕ್ಕದಲ್ಲಿ ಚೀನಾ. ಹುಡುಗ ಚಹದ ಬಟ್ಟಲನ್ನು ಕೆಳಗಿಟ್ಟು, “ಎರಡೇ ಅಕ್ಷರದಾಗ!” ಎಂದ.

ಮಳಖೇಡ ಮುಟ್ಟಿದಾಗ ಬಿಸಿಲು ಏರಿತ್ತು. ಒಂದು ಕಡೆ ಸಿಮೆಂಟು ಕಾರ್ಖಾನೆಯ ಧೂಳು, ಇನ್ನೊಂದು ಕಡೆ ಕಾಗಿಣೆಯ ದಂಡೆಯಲ್ಲಿ ಕೋಟೆ. ಇದು ರಾಷ್ಟ್ರಕೂಟರ ಮಾನ್ಯಖೇಟ. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನ ಇಲ್ಲಿಯದು. ನೃಪತುಂಗನು ಇಲ್ಲಿ ಆಳುತ್ತಿದ್ದ ಕಾಲದಲ್ಲಿಯೇ, 851ರ ಸುಮಾರಿಗೆ, ಸುಲೈಮಾನನೆಂಬ ವರ್ತಕನ ಹೆಸರಿನಲ್ಲಿರುವ ಅರಬ್ಬೀ ವೃತ್ತಾಂತವು ಜಗತ್ತಿನ ನಾಲ್ವರು ಮಹಾರಾಜರಲ್ಲಿ ‘ಬಲ್ಹರಾ’ನೂ ಒಬ್ಬನೆಂದು ಬರೆಯಿತು. ಬಲ್ಹರಾ ಎಂದರೆ ವಲ್ಲಭರಾಜ. ಮುಂದಿನ ಶತಮಾನದಲ್ಲಿ ಅಲ್ ಮಸೂದಿಯು ಅವನ ರಾಜಧಾನಿಯನ್ನು ‘ಮಾನ್‌ಕೀರ್’ ಎಂದು ಕರೆದ. ಅಲ್ಲಿಯ ಮಾತಿನ ಹೆಸರು ‘ಕೀರಿಯಾ’ ಎಂದ. ಅದು ಕನ್ನಡವೇ ಎಂದು ಊಹಿಸುವವರುಂಟು. ಖೇಡದ ‘ಡ’ಕಾರ ಅರಬರ ಕಿವಿಯಲ್ಲಿ ‘ರ’ಕಾರವಾಯಿತು. ಇದೇ ರಸ್ತೆಯ ಮುಂದಿನ ಊರು, ಶಾಸನಗಳ ಸೇಡಿಂಬ, ಇಂಗ್ಲಿಷಿನ ಹಳೆಯ ರೈಲ್ವೆ ದಾಖಲೆಗಳಲ್ಲಿ ‘ಸೇರಂ’ ಆಗಿರುವುದನ್ನು ಕಂಡಾಗ ನನಗೆ ನಗು ಬಂತು. ಸಾವಿರ ವರ್ಷಗಳ ಅಂತರದಲ್ಲಿ ಇಬ್ಬರು ಪರದೇಶಿಗಳು ಒಂದೇ ಹಾದಿಯಲ್ಲಿ, ಒಂದೇ ‘ಡ’ಕಾರಕ್ಕೆ ಎಡವಿದ್ದಾರೆ.

ಕೋಟೆಯ ನೆರಳಿನಲ್ಲಿ ಕುಳಿತು ಗೆಳೆಯರಿಗೆ ದೂರವಾಣಿ ಮಾಡಿದೆವು. ‘ಷಾ-ಲಾ’ ಬೇಡ, ಅದರ ಬದಲು ‘ಷಾನ್’ ಇರಲಿ ಎಂದರು ಅವರು. ಒಳಿತು, ಸಜ್ಜನಿಕೆ ಎಂಬರ್ಥದ ಅಕ್ಷರ. ಅದರ ಮುಂದೆ ‘ನಾ’. ಆಗ ‘ರ’ಕಾರ ಬಿದ್ದುಹೋಗುತ್ತದಲ್ಲ ಎಂದು ನಾನು ಪಾಂಡಿತ್ಯ ತೆಗೆದೆ. “ಬೀಳಲಿ ಬಿಡ್ರಿ ಸರ್, ನಮ್ಮ ಅವ್ವನೂ ಅವಸರದಾಗ ಶಣ್ಣಬಸಪ್ಪಾ ಅಂತನೇ ಒದರತಾಳ” ಎಂದ ಹುಡುಗ. ‘ಬಾ’ ಎಂಬುದು ಒಂದು ಪುರಾತನ ರಾಜ್ಯದ ಹೆಸರು, ಸದ್ದಿಗೆ ಬಳಸಿ ಪಳಗಿದ ಅಕ್ಷರ. ‘ಸಾ’ ಎಂಬಲ್ಲಿ ಗೆಳೆಯರ ದನಿಯೂ ಹಿಗ್ಗಿತು: ಅದು ಬೋಧಿಸತ್ವ ಎಂಬುದನ್ನು ಬರೆಯುವಾಗ ಚೀನೀಯರು ಬಳಸುವ ಅಕ್ಷರ. “ಇಲ್ಲಿಗೆ ನಿಲ್ಲಿಸೋಣ. ನಾಲ್ಕೇ ಉದ್ದವಾಯಿತು. ಕೋಟ್ನಿಸರದೂ ಬಾಲ ಬಿಟ್ಟದ್ದೇ” ಎಂದರು.

“ಅಪ್ಪ ಬಿಡಬ್ಯಾಡ್ರಿ ಸರ್” ಎಂದ ಹುಡುಗ, ಮೆಲ್ಲಗೆ, ಆದರೆ ಗಟ್ಟಿಯಾಗಿ.

ಅವನ ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು. ಮಿಲ್ಲಿನ ಭಾರವೆಲ್ಲ ಆಮೇಲೆ ಇವನ ಹೆಗಲಿಗೆ ಬಂದದ್ದು. ನಾನು ಅದನ್ನು ಗೆಳೆಯರಿಗೆ ಹೇಳಲಿಲ್ಲ; ಅಪ್ಪ ಇರಬೇಕಂತೆ ಎಂದಷ್ಟೇ ಹೇಳಿದೆ. ಅವರು ಯೋಚಿಸಿ, ಚೀನೀಯರಲ್ಲಿಯೂ ತಂದೆಗೆ ‘ಬಾ’ ಎಂಬ ಮಾತಿದೆ, ಅದರ ಅಕ್ಷರವೂ ಬೇರೆ ಇದೆ ಎಂದರು. ಹುಡುಗನ ಕಣ್ಣು ಅರಳಿತು. “ಆದರೆ ಅದನ್ನು ಹೆಸರಿನಲ್ಲಿ ಇಟ್ಟರೆ ಹೆಫೆಯ್ ನಗರದ ವ್ಯಾಪಾರಿಗಳೆಲ್ಲ ನಿನ್ನನ್ನು ‘ಅಪ್ಪಾ’ ಎಂದು ಕರೆಯಬೇಕಾಗುತ್ತದೆ. ದರ ಇಳಿಸುತ್ತಾರೋ ಏರಿಸುತ್ತಾರೋ ನಾನರಿಯೆ!” ಕೋಟೆಯ ಗೋಡೆಯಿಂದ ಪಾರಿವಾಳಗಳು ಹಾರುವಂತೆ ಹುಡುಗ ನಕ್ಕ. ಕಡೆಗೆ ‘ಪಾ’ ಎಂಬ ಸಾಮಾನ್ಯ ಅಕ್ಷರವೇ ನಿಂತಿತು. ಕರವಸ್ತ್ರ ಎಂದರ್ಥ. ಬಿಸಿಲಲ್ಲಿ ದುಡಿಯುವ ಅಪ್ಪಂದಿರ ಹೆಗಲ ಮೇಲೆ ಯಾವಾಗಲೂ ಒಂದು ವಸ್ತ್ರವಿರುತ್ತದಲ್ಲ ಎಂದು ಅವನೇ ಸಮಾಧಾನ ಹೇಳಿಕೊಂಡ.

ಊರ ಹೆಸರು ಇನ್ನೂ ಉಳಿದಿತ್ತು. ‘ಗಿ’ ಎಂಬ ಸದ್ದು ಈಗಿನ ಚೀನೀ ಮಾತಿನಲ್ಲಿ ಇಲ್ಲವೇ ಇಲ್ಲ. ಪುಲಕೇಶಿಯ ‘ಕೇ’ ಕಾಲಕ್ರಮದಲ್ಲಿ ‘ಜಿ’ ಆದಂತೆ ಕಲಬುರಗಿಯೂ ‘ಕಾ-ಲಾ-ಬು-ಲಾ-ಜಿ’ ಆಗಬೇಕು. ಗುಲ್‌ಬರ್ಗಾ ಎಂದರೆ ಮೊದಲಿಗೆ ‘ಗು’ ಬರುತ್ತದೆ, ‘ಪ್ರಾಚೀನ’ ಎಂಬ ಒಳ್ಳೆಯ ಅಕ್ಷರ ಸಿಕ್ಕುತ್ತದೆ ಎಂದು ಗೆಳೆಯರು ಆಸೆ ತೋರಿಸಿದರು. ಹುಡುಗ ನನ್ನ ಮುಖ ನೋಡಿದ. ನಾನು ಕಾಗಿಣೆಯ ಕಡೆ ನೋಡಿದೆ. “ಕಲಬುರಗಿನೇ ಇರ್ಲಿ ಬಿಡ್ರಿ” ಎಂದ.

ಕೊನೆಯ ಸಾಲು ಮಿಲ್ಲಿನ ವಿಳಾಸ. ಸೇಡಂ ಎಂಬುದನ್ನು ‘ಸಾಯ್-ದಾನ್’ ಎಂದು ಸದ್ದಿನಲ್ಲಿ ಬರೆದು, ರಸ್ತೆ ಎಂಬುದನ್ನು ಮಾತ್ರ ಅರ್ಥದಿಂದ ‘ಲು’ ಎಂದು ಬರೆಯುವುದೆಂದಾಯಿತು. ‘ಸಾಯ್’ ಎಂದರೆ ಪಂದ್ಯ, ‘ದಾನ್’ ಎಂದರೆ ಕೆಂಪು; ‘ಲು’ ಅಕ್ಷರದ ಎಡಗಡೆಗೆ ಪಾದದ ಗುರುತಿದೆ. “ಕೆಂಪು ಎಲ್ಲಿಂದ ಬಂತ್ರಿ? ನಮ್ಮದು ಕರೀ ಮಣ್ಣಿನ ರಸ್ತೆ” ಎಂದು ಹುಡುಗ ತಕರಾರು ತೆಗೆದ. ಕೆಂಪು ಅವರಲ್ಲಿ ಮಂಗಳದ ಬಣ್ಣ ಎಂದು ಗೆಳೆಯರು ಹೇಳಿದ ಮೇಲೆ ಒಪ್ಪಿ, ಚೀಟಿಯನ್ನು ಮಡಿಚಿ ಜೇಬಿಗೆ ಹಾಕಿ, ಮೋಟಾರು ಸೈಕಲ್ಲಿನ ಕೀಲಿ ತಿರುಗಿಸಿದ. ಸೇಡಮ್ಮಿನಲ್ಲಿ ಊಟಕ್ಕೆ ಇನ್ನೂ ಹೊತ್ತು ಮೀರಿರಲಿಲ್ಲ.